ಹೇವದ ಹಕಾರ

ನನಗೆ ಹಳಗನ್ನಡ ಕಲಿಸಿದ ಮೇಷ್ಟ್ರು ಅಸಹ್ಯ, ನಾಚಿಕೆ ಎಂಬರ್ಥದ ‘ಹೇವ’ವನ್ನು ಸಂಸ್ಕೃತ ‘ಹೇಯ’ದ ತದ್ಭವವೆಂದೇ ನಂಬಿದ್ದರು. ಮಂತ್ರಾಲಯ, ಆದವಾನಿ ಕಡೆ ತೆಲುಗಿನ ‘ಏವ’ ಬೆರೆತು ಯಕಾರ ವಕಾರವಾಯಿತು ಎನ್ನುತ್ತಿದ್ದರು. ಅವರ ಋಣ ನನ್ನ ಮೇಲಿದೆ. ಈ ವ್ಯುತ್ಪತ್ತಿಯನ್ನು ಮಾತ್ರ ಒಪ್ಪಲಾರೆ.

ಮೊದಲು ಪ್ರಯೋಗ ನೋಡೋಣ. ‘ಹೇಯ’ ಎಂದರೆ ಬಿಡತಕ್ಕದ್ದು. ಶಾಸ್ತ್ರದಲ್ಲಿ ಅದರ ಜೋಡಿ ‘ಉಪಾದೇಯ’. ಬಿಡಬೇಕಾದ್ದರ ಮೇಲೆ ಅಸಹ್ಯ ಹುಟ್ಟಲೇಬೇಕೆಂದಿಲ್ಲ. ಹೇಯತ್ವ ವಸ್ತುವಿನದು, ಹೇವ ಮನುಷ್ಯನದು. ‘ಹೇವಗೇಡಿ’ ಎಂಬ ಬೈಗುಳವೇ ಇದಕ್ಕೆ ಸಾಕ್ಷಿ: ನಾಚಿಕೆಗೆಟ್ಟವನು, ಹೇಸಬೇಕಾದ ಕಡೆ ಹೇಸದವನು. ‘ಹೇಯಗೇಡಿ’ ಎಂದು ಹೇಳಿ ನೋಡಿ, ನಾಲಿಗೆ ಒಪ್ಪುವುದಿಲ್ಲ. ಇಂಗ್ಲಿಷಿನ ‘ಅವರ್ಶನ್’ ಪದದ ಬೇರು ಲ್ಯಾಟಿನ್ನಿನಲ್ಲಿ ‘ತಿರುಗುವುದು’ ಎಂಬ ಧಾತು. ಬೇಡದ್ದರಿಂದ ಮುಖ ತಿರುಗಿಸುವುದು. ಹೇವದಲ್ಲಿ ಮುಖ ತಿರುಗುವುದೂ ಉಂಟು, ತಗ್ಗುವುದೂ ಉಂಟು. (ಹೇವರಿಕೆಯನ್ನು ಬರೀ ‘ಇಷ್ಟವಿಲ್ಲದಿರುವಿಕೆ’ ಎಂದು ತೆಳುಮಾಡುವ ಅನುವಾದಕರ ಮೇಲೆ ನನಗೆ ತಾಳ್ಮೆ ಕಡಿಮೆ.)

ಇನ್ನು ಹಕಾರ. ಮಂತ್ರಾಲಯದ ಚಹಾ ಅಂಗಡಿಯಲ್ಲಿ ನಾವು ‘ಹಾಲು’ ಎಂದರೆ ಅಂಗಡಿಯವನು ಒಳಗೆ ಕೂಗುವುದು ‘ಪಾಲು’ ಎಂದು. ಹುಲಿಗೆ ಪುಲಿ, ಹಲ್ಲಿಗೆ ಪಲ್ಲು: ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ತೆಲುಗಿನಲ್ಲಿ ಹಾಗೆಯೇ ಉಳಿಯಿತು. ಹೇವದ ಹಕಾರವೂ ಅದೇ ದಾರಿಯಲ್ಲಿ ಬಂದದ್ದಾದರೆ ತೆಲುಗಿನಲ್ಲಿ ‘ಪೇವ’ ಇರಬೇಕಿತ್ತು. ಇರುವುದು ‘ಏವ’, ‘ಏವಗಿಂಚು’, ‘ಏವಗಿಂಪು’. ಹಳಗನ್ನಡದಲ್ಲೂ ‘ಏವ’, ‘ಏವಯಿಸು’ ಎಂಬ ರೂಪಗಳೇ ಇವೆ. ಅಂದಮೇಲೆ ಈ ಹಕಾರ ಆಮೇಲೆ ಅಂಟಿಕೊಂಡದ್ದು. ಅಂಟಿಸಿದ್ದು ಯಾವುದು? ನನ್ನ ಊಹೆಯಲ್ಲಿ, ಪಕ್ಕದಲ್ಲೇ ಇದ್ದ ‘ಹೇಸು’. ಪೇಸು ಹೇಸು ಆದದ್ದು ನಿಯಮದಂತೆ. ಅದರ ಜೊತೆಯಲ್ಲಿ ಓಡಾಡಿದ ‘ಏವ’ವೂ ಹಕಾರ ತೊಟ್ಟುಕೊಂಡಿತು. ‘ಹೇಯ’ವೂ ಒಂದು ಕೈ ಹಾಕಿರಬಹುದು. ಕೈ ಹಾಕಿದವನೇ ತಂದೆಯಾಗುವುದಿಲ್ಲ.

ತೆಲುಗಿನಿಂದ ಬೆರೆಯಿತೆಂಬ ವಾದಕ್ಕೆ ಕಾರಣ ಭಾಷೆಯಲ್ಲ, ಇವತ್ತಿನ ನಕ್ಷೆ. ಆದವಾನಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು; ಅದುವರೆಗೆ ಅದು ಬಳ್ಳಾರಿ ಜಿಲ್ಲೆಯದೇ ತಾಲೂಕು. ಕನ್ನಡ ಅಲ್ಲಿಗೆ ಹೊಸದಲ್ಲ: ಆ ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ಕೋಶ 1824ರಲ್ಲೇ ಅಚ್ಚಾಗಿತ್ತು. ಹರಿದಾಸ ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಚಿಪ್ಪಗಿರಿಯೂ ಈಗ ಆಂಧ್ರದಲ್ಲಿದೆ. ಅಷ್ಟಕ್ಕೇ ಅವರ ಕನ್ನಡ ಗಡಿಗನ್ನಡವಾಗುವುದಿಲ್ಲ. ಎರಡೂ ಭಾಷೆಗಳಿಗೆ ತವರಿನಿಂದ ಬಂದ ಪದವನ್ನು ಒಂದು ಇನ್ನೊಂದರಿಂದ ಸಾಲ ತಂದಿತೆನ್ನುವುದು ಅಕ್ಕತಂಗಿಯರ ಮೂಗು ಒಂದೇ ಥರ ಇದೆಯೆಂದು ಕಳವಿನ ದೂರು ಕೊಟ್ಟಂತೆ.

ಒಂದು ತೊಡಕು ಉಳಿಯುತ್ತದೆ. ಹೇವಕ್ಕೆ ಮತ್ಸರವೆಂಬ ಅರ್ಥವೂ ಇದೆ, ಮರಾಠಿಯಲ್ಲಿ ‘ಹೇವಾ’ ಎಂದರೆ ಹೊಟ್ಟೆಕಿಚ್ಚೇ. ಮರಾಠಿ ಮನೆಮಾತಿನ ಮಾಧ್ವ ಕುಟುಂಬಗಳು ತುಂಗಭದ್ರೆಯ ಈ ದಂಡೆಗೂ ಹೊಸಬರಲ್ಲ. ಆ ಒಂದು ಅರ್ಥದ ಮಟ್ಟಿಗೆ ಸಾಲದ ಮಾತನ್ನು ತಳ್ಳಿಹಾಕಲಾರೆ. ಮೇಷ್ಟ್ರು ಇದ್ದಿದ್ದರೆ ಮೊದಲು ಅದನ್ನೇ ಹಿಡಿಯುತ್ತಿದ್ದರು.