ಪಿಎಂ ಸ್ವನಿಧಿ ಯೋಜನೆ

ಪಿಎಂ ಸ್ವನಿಧಿ (ಪ್ರಧಾನಮಂತ್ರಿ ಬೀದಿ ವ್ಯಾಪಾರಿಗಳ ಆತ್ಮನಿರ್ಭರ ನಿಧಿ) ಕೋವಿಡ್-19 ಸಾಂಕ್ರಾಮಿಕದಿಂದ ವ್ಯಾಪಾರ ಕಳೆದುಕೊಂಡ ಬೀದಿ ವ್ಯಾಪಾರಿಗಳಿಗೆ ಬಂಡವಾಳವನ್ನು ಸಾಲವಾಗಿ ಒದಗಿಸಲು ಭಾರತ ಸರ್ಕಾರವು ರೂಪಿಸಿದ ಯೋಜನೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2020ರ ಜೂನ್ 1ರಂದು ಇದನ್ನು ಆರಂಭಿಸಿತು. ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ (ಸಿಡ್ಬಿ) ಇದರ ಅನುಷ್ಠಾನ ಪಾಲುದಾರ ಸಂಸ್ಥೆಯಾಗಿದೆ.

ಹಿನ್ನೆಲೆ

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ತರಕಾರಿ, ಹಣ್ಣು, ತಿಂಡಿ, ಬಟ್ಟೆ ಮೊದಲಾದವುಗಳನ್ನು ತಳ್ಳುಗಾಡಿಯಲ್ಲೋ ಪಾದಚಾರಿ ಮಾರ್ಗದಲ್ಲೋ ಮಾರುವವರ ಬಂಡವಾಳ ಅಲ್ಪ. ವ್ಯಾಪಾರ ನಿಂತಾಗ ಅದು ಮನೆಖರ್ಚಿಗೇ ಕರಗುವ ಸ್ಥಿತಿ ಉಂಟಾಯಿತು. ಖಾಸಗಿಯವರಿಂದ ಹೆಚ್ಚಿನ ಬಡ್ಡಿಗೆ ಹಣ ತರುವುದನ್ನು ತಪ್ಪಿಸಿ, ಇವರನ್ನು ಬ್ಯಾಂಕ್ ವ್ಯವಸ್ಥೆಯೊಳಗೆ ತರುವುದು ಯೋಜನೆಯ ಉದ್ದೇಶ. ಸುಮಾರು 50 ಲಕ್ಷ ವ್ಯಾಪಾರಿಗಳಿಗೆ 5,000 ಕೋಟಿ ರೂಪಾಯಿಗಳ ಸಾಲ ಸೌಲಭ್ಯವನ್ನು 2020ರ ಮೇ ತಿಂಗಳಲ್ಲಿ ಘೋಷಿಸಲಾಗಿತ್ತು.

ಅರ್ಹತೆ

2020ರ ಮಾರ್ಚ್ 24ರಂದು ಅಥವಾ ಅದಕ್ಕೂ ಮೊದಲು ನಗರ ಪ್ರದೇಶಗಳಲ್ಲಿ ವ್ಯಾಪಾರ ನಡೆಸುತ್ತಿದ್ದವರನ್ನು ಅರ್ಹರೆಂದು ಪರಿಗಣಿಸಲಾಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ವಯ ವ್ಯಾಪಾರ ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಪಡೆದವರು ನೇರವಾಗಿ ಅರ್ಜಿ ಸಲ್ಲಿಸಬಹುದಿತ್ತು. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ಹಾಗೂ ಸುತ್ತಲಿನ ಹಳ್ಳಿಗಳಿಂದ ಬಂದು ಮಾರುವವರಿಗೆ ನಗರ ಸ್ಥಳೀಯ ಸಂಸ್ಥೆ ಅಥವಾ ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸು ಪತ್ರ ಅಗತ್ಯವಾಗಿತ್ತು. ಹೀಗಾಗಿ ಬೀದಿ ವ್ಯಾಪಾರಿಗಳ ಸಮೀಕ್ಷೆ ಮತ್ತು ನೋಂದಣಿಯ ಕೊರತೆಗಳು ಸಾಲ ವಿತರಣೆಯ ಮೇಲೂ ನೇರ ಪರಿಣಾಮ ಬೀರುವಂತಾದವು.

ಸಾಲದ ಸ್ವರೂಪ

ಮೊದಲ ಹಂತದಲ್ಲಿ ಅಡಮಾನವಿಲ್ಲದೆ ಗರಿಷ್ಠ 10,000 ರೂಪಾಯಿ ಸಾಲ ನೀಡಲಾಗುತ್ತಿತ್ತು. ಇದನ್ನು ಒಂದು ವರ್ಷದೊಳಗೆ ಮಾಸಿಕ ಕಂತುಗಳಲ್ಲಿ ಮರುಪಾವತಿಸಬೇಕಿತ್ತು. ತೀರಿಸಿದವರಿಗೆ 20,000 ರೂಪಾಯಿ, ಅನಂತರ 50,000 ರೂಪಾಯಿವರೆಗಿನ ಸಾಲಕ್ಕೆ ಅವಕಾಶವಿತ್ತು. ಕ್ರಮಬದ್ಧವಾಗಿ ಕಂತು ಕಟ್ಟಿದವರ ಖಾತೆಗೆ ಶೇ. 7ರ ಬಡ್ಡಿ ಸಹಾಯಧನವನ್ನು ಜಮೆ ಮಾಡಲಾಗುತ್ತದೆ. ಡಿಜಿಟಲ್ ವಹಿವಾಟಿಗೆ ಆರಂಭದಲ್ಲಿ ವರ್ಷಕ್ಕೆ 1,200 ರೂಪಾಯಿವರೆಗೆ ನಗದು ಮರಳಿಕೆ ನಿಗದಿಯಾಗಿತ್ತು.

ಕರ್ನಾಟಕದಲ್ಲಿ

ಸಾಂಕ್ರಾಮಿಕಕ್ಕೆ ಮೊದಲೇ, 2018ರಲ್ಲಿ, ಕರ್ನಾಟಕ ಸರ್ಕಾರವು ‘ಬಡವರ ಬಂಧು’ ಯೋಜನೆಯ ಮೂಲಕ ಬೀದಿ ವ್ಯಾಪಾರಿಗಳಿಗೆ ಸಹಕಾರಿ ಬ್ಯಾಂಕುಗಳಿಂದ 10,000 ರೂಪಾಯಿವರೆಗೆ ಬಡ್ಡಿರಹಿತ ಸಾಲ ನೀಡಲು ಆರಂಭಿಸಿತ್ತು. ಎರಡನೆಯ ಅಲೆಯ ಸಂದರ್ಭದಲ್ಲಿ, 2021ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರವು ನೋಂದಾಯಿತ ಬೀದಿ ವ್ಯಾಪಾರಿಗಳಿಗೆ ತಲಾ 2,000 ರೂಪಾಯಿ ಪರಿಹಾರ ಘೋಷಿಸಿತು. ಇದು ಮರುಪಾವತಿಸಬೇಕಿಲ್ಲದ ನೆರವಾಗಿತ್ತು.

ಮಿತಿಗಳು

ಸ್ವನಿಧಿಯ ನೆರವು ಸಾಲವೇ ಹೊರತು ಪರಿಹಾರಧನವಲ್ಲ. ವ್ಯಾಪಾರ ಚೇತರಿಸಿಕೊಳ್ಳದಿದ್ದರೂ ಕಂತು ಕಟ್ಟಬೇಕಾಗುತ್ತದೆ. ಸಾಲ ಅನುತ್ಪಾದಕವಾದರೆ ಬಡ್ಡಿ ಸಹಾಯಧನವೂ ದೊರೆಯುವುದಿಲ್ಲ. ಲಾಕ್‌ಡೌನ್ ಅವಧಿಯಲ್ಲಿ ನಷ್ಟವಾದ ಆದಾಯವನ್ನು ಇದು ಭರಿಸಲಿಲ್ಲ.

ವಿಸ್ತರಣೆ

ತುರ್ತು ಕ್ರಮವಾಗಿ ಆರಂಭವಾದ ಯೋಜನೆಯು ಸಾಂಕ್ರಾಮಿಕದ ನಂತರವೂ ಮುಂದುವರಿದಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 7,332 ಕೋಟಿ ರೂಪಾಯಿ ವೆಚ್ಚದಲ್ಲಿ ಇದನ್ನು ಪುನರ್ರಚಿಸಿ, ಸಾಲ ವಿತರಣೆಯ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಮೊದಲ ಸಾಲದ ಮಿತಿ 15,000 ರೂಪಾಯಿಗೂ ಎರಡನೆಯದು 25,000 ರೂಪಾಯಿಗೂ ಏರಿತು. ಮೂರನೆಯದು 50,000 ರೂಪಾಯಿಯಲ್ಲೇ ಉಳಿಯಿತು.