ಎತ್ತಿನ ಋಣ, ಇಪ್ಪತ್ತು ನಿಮಿಷದ ಊಟ

ರಾತ್ರಿ ಎಂಟೂವರೆಗೆ ಗ್ರಂಥಾಲಯದಿಂದ ರೂಮಿಗೆ ಬಂದರೆ ಅನ್ನ ಇಟ್ಟು, ಸಾರು ಕುದಿಸುವಷ್ಟು ಚೈತನ್ಯ ಉಳಿದಿರುವುದಿಲ್ಲ. ತೈವಾನಿನ ಸಿಂಚು ಎಂಬ ಈ ಗಾಳಿಯ ಊರಿಗೆ ಪಿಎಚ್.ಡಿ.ಗೆಂದು ಬಂದು ಮೂರು ವರ್ಷವಾಯಿತು. ವಾರಕ್ಕೆ ಎರಡು ಸಲವಾದರೂ ನನ್ನ ರಾತ್ರಿಯೂಟ ಒಂದೇ. ದನದ ಖೈಮಾ ಹಾಕಿದ ನೂಡಲ್ಸ್.

ಮಾಡುವುದು ಸುಲಭ. ಬಾಣಲೆ ಚೆನ್ನಾಗಿ ಕಾದ ಮೇಲೆ 200 ಗ್ರಾಂ ಖೈಮಾ ಹಾಕಿ, ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಬೇಕು. ಆಗಲೇ ಕೆದಕಿದರೆ ಮಾಂಸ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ತಳ ಕಂದುಬಣ್ಣಕ್ಕೆ ತಿರುಗಿದ ಮೇಲೆ ಮಾಂಸವನ್ನು ಒಡೆದು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಸೇರಿಸುತ್ತೇನೆ. ಆಮೇಲೆ ಒಂದು ಚಮಚ ಡೊಬಾನ್‌ಜ್ಯಾಂಗ್. ಇದು ಬ್ರಾಡ್ ಬೀನ್ಸ್ ಎನ್ನುವ ದಪ್ಪ ಕಾಳನ್ನು ಮೆಣಸಿನಕಾಯಿ ಮತ್ತು ಉಪ್ಪಿನ ಜೊತೆ ಹುದುಗಿಸಿದ ಕೆಂಪು ಗೊಜ್ಜು. ಮಾಂಸದ ಜಿಡ್ಡಿನಲ್ಲೇ ಅದನ್ನು ಬಾಡಿಸಿದರೆ ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುತ್ತದೆ. ಎರಡು ಚಮಚ ಸೋಯಾ ಸಾಸ್, ಚಿಟಿಕೆ ಸಕ್ಕರೆ. ಪಕ್ಕದ ಒಲೆಯಲ್ಲಿ ಬೆಂದ ನೂಡಲ್ಸನ್ನು ಬಸಿಯುವ ಮುಂಚೆ ಒಂದು ಸೌಟು ನೀರು ತೆಗೆದಿಟ್ಟು ಬಾಣಲೆಗೆ ಸುರಿದರೆ, ಅದರಲ್ಲಿರುವ ಹಿಟ್ಟಿನಿಂದ ಮಸಾಲೆ ನೂಡಲ್ಸಿಗೆ ಚೆನ್ನಾಗಿ ಹತ್ತುತ್ತದೆ. ಮೇಲೆ ಈರುಳ್ಳಿ ಸೊಪ್ಪು. ಒಟ್ಟು 20 ನಿಮಿಷ. ಇಲ್ಲಿನ ಹೋಟೆಲುಗಳ ಹೆಸರಾಂತ ನಿಯುರೌ ಮಿಯೆನ್, ಅಂದರೆ ದನದ ಮಾಂಸದ ನೂಡಲ್ಸಿನಲ್ಲಿ ದೊಡ್ಡ ತುಂಡುಗಳಿರುತ್ತವೆ. ಅವು ಮೆತ್ತಗಾಗಲು ಎರಡು ಮೂರು ಗಂಟೆ ಬೇಕು. ಖೈಮಾ ನಮ್ಮಂಥವರ ಅಡ್ಡದಾರಿ.

ಹೋದ ತಿಂಗಳು ಹೀಗೆ ಬಟ್ಟಲು ಹಿಡಿದು ಕೂತಾಗ ಮಂಡ್ಯ ಕಡೆಯ ನಮ್ಮೂರಿನಿಂದ ಅಜ್ಜಿಯ ಫೋನು ಬಂತು.

"ಏನ್ ಮಾಡ್ಕಂಡಿದ್ದೆ ಮಗ?"

"ದೊಡ್ಡ್ ಬಾಡು ಕಣಜ್ಜಿ" ಅಂದೆ.

ಹಾಗನ್ನುವಾಗ ನನ್ನ ದನಿ ತಾನಾಗಿಯೇ ತಗ್ಗಿತ್ತು. ಅಡುಗೆಮನೆಯಲ್ಲಿ ಇನ್ನಿಬ್ಬರು ಹುಡುಗಿಯರಿದ್ದರು. ಇಬ್ಬರಿಗೂ ಕನ್ನಡ ಬಾರದು. ಒಬ್ಬಳು ನನ್ನ ಬಾಣಲೆಯಿಂದಲೇ ತಿನ್ನುತ್ತಿದ್ದಳು. ಅಜ್ಜಿಯೂ ಆ ಕಡೆಯಿಂದ, "ಮೆಲ್ಲುಕೆ ಮಾತಾಡು, ಯಾರಾರ ಕೇಳುಸ್ಕಂಡಾರು" ಅಂದಿತು. ಯಾರು ಕೇಳಿಸಿಕೊಳ್ಳುತ್ತಾರೆ? ಸಾವಿರಾರು ಕಿಲೋಮೀಟರ್ ದೂರದಲ್ಲಿ ನಾನು ಯಾರಿಗೆ ಹೆದರಿದೆ? ನನ್ನ ಸಂಶೋಧನೆ ಶೀತಲ ಸಮರದ ಕಾಲದ ಅಮೆರಿಕದ ಗೋಧಿ ನೆರವಿನ ಬಗ್ಗೆ. ಹಾಗಾಗಿ ಬಟ್ಟಲಿನಲ್ಲಿದ್ದ ನೂಡಲ್ಸಿನ ಚರಿತ್ರೆ ನನಗೆ ಗೊತ್ತಿತ್ತು. ಮಾಂಸದ ಚರಿತ್ರೆಯನ್ನು ಮಾತ್ರ ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಈ ದ್ವೀಪದಲ್ಲೂ ಬಹುಕಾಲ ಹೆಚ್ಚಿನ ರೈತರು ದನದ ಮಾಂಸ ತಿನ್ನುತ್ತಿರಲಿಲ್ಲ. ಭತ್ತದ ಗದ್ದೆ ಉಳುತ್ತಿದ್ದುದು ಕೋಣ. ಜೀವಮಾನವಿಡೀ ನಮಗಾಗಿ ದುಡಿದ ಪ್ರಾಣಿಯನ್ನು ತಿನ್ನುವುದು ಕೃತಘ್ನತೆ ಎಂಬುದು ಅವರ ಕಾರಣ. ಈಗಲೂ ಹಳ್ಳಿಯ ಅನೇಕ ಹಿರಿಯರು ಮುಟ್ಟುವುದಿಲ್ಲ. ನನ್ನ ಸಹಪಾಠಿಯೊಬ್ಬಳು ಪರೀಕ್ಷೆ ಹತ್ತಿರ ಬಂದಾಗ ಬಿಡುತ್ತಾಳೆ. ವಿದ್ಯೆಯ ದೇವರು ವೆನ್‌ಚಾಂಗ್‌ಗೆ ಆಗಿಬರುವುದಿಲ್ಲ ಎಂದು ಅವಳ ಅಜ್ಜಿ ಹೇಳಿದ್ದಾರಂತೆ.

ಜಪಾನಿನಲ್ಲಿ ಇದು ರಾಜಾಜ್ಞೆಯೇ ಆಗಿತ್ತು. 675ರಲ್ಲಿ ಚಕ್ರವರ್ತಿ ತೆಮ್ಮು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ನಿಷೇಧವಿದ್ದುದು ವರ್ಷದ ನಾಲ್ಕನೇ ತಿಂಗಳಿನಿಂದ ಒಂಬತ್ತನೇ ತಿಂಗಳವರೆಗೆ, ಹೆಚ್ಚೂಕಡಿಮೆ ಬೇಸಾಯದ ತಿಂಗಳುಗಳಲ್ಲಿ. ಬೌದ್ಧ ಕರುಣೆಯ ಜೊತೆಗೆ ಉಳುಮೆಯ ಲೆಕ್ಕಾಚಾರವೂ ಅದರಲ್ಲಿದೆ. ಮುಂದಿನ ಶತಮಾನಗಳಲ್ಲಿ ಆ ನಿಷೇಧ ಮೈಲಿಗೆಯ ರೂಪ ಪಡೆಯಿತು. ಸತ್ತ ದನದ ಚರ್ಮ ಸುಲಿಯುವವರು, ಹದ ಮಾಡುವವರು ಹುಟ್ಟಿನಿಂದಲೇ ಕೀಳು ಎನಿಸಿಕೊಂಡು ಊರಾಚೆ ಉಳಿದರು. 1871ರಲ್ಲಿ ಸರ್ಕಾರ ಆ ಕೀಳು ಸ್ಥಾನವನ್ನು ಕಾನೂನಿನಲ್ಲಿ ರದ್ದು ಮಾಡಿತು. ಮರುವರ್ಷ, 1872ರ ಜನವರಿಯಲ್ಲಿ ಚಕ್ರವರ್ತಿ ಮೇಜಿ ದನದ ಮಾಂಸ ತಿಂದ ಸುದ್ದಿ ಪ್ರಕಟವಾಯಿತು. ಪಶ್ಚಿಮದವರಂತೆ ಗಟ್ಟಿಯಾಗಬೇಕೆಂಬ ಆಸೆಯಿಂದ ಅದು ನಾಗರಿಕರ ಊಟವಾಯಿತು. ಚರ್ಮ ಸುಲಿಯುತ್ತಿದ್ದವರ ಮೊಮ್ಮಕ್ಕಳಿಗೆ ಮಾತ್ರ ಮದುವೆ, ನೌಕರಿಗಳಲ್ಲಿ ಹಳೆಯ ಹೀನಾಯ ತಪ್ಪಲಿಲ್ಲ. ಊಟ ಮೇಲೇರಿತು, ಅದನ್ನು ಒದಗಿಸುತ್ತಿದ್ದವರು ಕೆಳಗೇ ಉಳಿದರು.

1895ರಿಂದ 1945ರವರೆಗೆ ತೈವಾನ್ ಜಪಾನಿನ ವಸಾಹತಾಗಿತ್ತು. ಪಟ್ಟಣಗಳ ಕೆಲವರು ದನದ ಮಾಂಸ ತಿನ್ನಲು ಕಲಿತದ್ದು ಆ ಕಾಲದಲ್ಲಿ. ಆದರೆ ಇವತ್ತಿನ ನನ್ನ ಬಟ್ಟಲು ತಯಾರಾದದ್ದು 1949ರ ನಂತರ. ಚೀನಾದ ಅಂತರ್ಯುದ್ಧದಲ್ಲಿ ಸೋತ ಸೈನ್ಯ, ಅದರ ಹಿಂದೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಇಲ್ಲಿಗೆ ಬಂದರು. ಸೈನಿಕರ ಕುಟುಂಬಗಳಿಗೆ ಬಿದಿರು, ಮಣ್ಣು, ಹೆಂಚಿನ ಸಾಲುಮನೆಗಳಾದವು. ವಾಯುಸೇನೆಯ ಅಕಾಡೆಮಿ ದಕ್ಷಿಣದ ಗಾಂಗ್‌ಶಾನ್ ಊರಿಗೆ ಬಂತು. ಅದರ ಜೊತೆ ಸಿಚುವಾನಿನ ಡೊಬಾನ್‌ಜ್ಯಾಂಗ್ ನೆನಪೂ ಬಂತು. ಇಲ್ಲಿನವರು ಅದನ್ನು ಇಲ್ಲೇ ಹುದುಗಿಸತೊಡಗಿದರು. ತೈವಾನಿನಲ್ಲಿ 'ಸಿಚುವಾನ್ ಶೈಲಿ' ಎಂದು ಬೋರ್ಡು ಹಾಕಿಕೊಂಡ ದನದ ನೂಡಲ್ಸ್ ಹುಟ್ಟಿದ್ದು ಸಿಚುವಾನಿನಲ್ಲಿ ಅಲ್ಲ, ಗಾಂಗ್‌ಶಾನಿನಲ್ಲಿ ಎಂಬುದು ಇತಿಹಾಸಕಾರ ಲು ಯಾವ್‌ಡುಂಗ್ ಅವರ ವಾದ. ಊರಿಗೆ ಮರಳಲಾಗದವರು ಊರನ್ನು ನೆನೆದು ಮಾಡಿಕೊಂಡ ಅಡುಗೆ ಇದು.

ಇನ್ನು ಗೋಧಿ. ಅನ್ನ ಉಣ್ಣುವ ಈ ದ್ವೀಪಕ್ಕೆ 1951ರಿಂದ 1965ರವರೆಗೆ ಅಮೆರಿಕದ ನೆರವು ಬಂತು. ಗೋಧಿಯೂ ಅದರಲ್ಲಿತ್ತು. ಅಕ್ಕಿಯನ್ನು ರಫ್ತು ಮಾಡಿ ವಿದೇಶಿ ಹಣ ಗಳಿಸಬೇಕಿದ್ದ ಸರ್ಕಾರ, ಹಿಟ್ಟು ತಿನ್ನಿ ಎಂದು ಜನರಿಗೆ ಹೇಳಿತು. ಎರಡು ಕೈಗಳು ಕುಲುಕುವ ಚಿತ್ರವಿದ್ದ ಹಿಟ್ಟಿನ ಚೀಲಗಳನ್ನು ಬಿಚ್ಚಿ ಮಕ್ಕಳಿಗೆ ಚಡ್ಡಿ ಹೊಲಿದ ಕಥೆಯನ್ನು ಇಲ್ಲಿನ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ನಿವೃತ್ತ ಸೈನಿಕರು ಬೀದಿಬದಿ ನೂಡಲ್ಸ್ ಮಾರಿ ಹೊಟ್ಟೆ ಹೊರೆದದ್ದು ಇದೇ ಅಗ್ಗದ ಹಿಟ್ಟಿನಿಂದ.

ಆ ಗೋಧಿಯ ಇನ್ನೊಂದು ದಾರಿ ನಮ್ಮ ಕಡೆಗೂ ಬಂದಿತ್ತು. 1954ರಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಪಿ.ಎಲ್. 480 ಕಾಯ್ದೆಯಡಿ ಭಾರತ 1956ರಲ್ಲಿ ಒಪ್ಪಂದ ಮಾಡಿಕೊಂಡಿತು. ಕೇರ್ ಸಂಸ್ಥೆಯ ಮೂಲಕ ಕರ್ನಾಟಕದ ಶಾಲೆಗಳಿಗೆ ಅಮೆರಿಕದ ರವೆ, ಹಾಲಿನ ಪುಡಿ ಬರುತ್ತಿತ್ತು. ಅಪ್ಪ ಈಗಲೂ ಆ ಹಳದಿ ಉಪ್ಪಿಟ್ಟಿನ ರುಚಿ ಹೇಳುತ್ತಾನೆ. ತಟ್ಟೆ ಇಲ್ಲದ ದಿನ ಮುತ್ತುಗದ ಎಲೆಯಲ್ಲಿ ತಿಂದದ್ದನ್ನು ಹೇಳುತ್ತಾನೆ. ತಾನೂ ತನ್ನ ಕೇರಿಯ ಹುಡುಗರೂ ಬೇರೆ ಸಾಲಿನಲ್ಲಿ ಕೂರುತ್ತಿದ್ದುದನ್ನು ನಾನು ಕೇಳಿದ ಮೇಲೆ ಹೇಳಿದ.

ಅಜ್ಜಿಯ ಪಿಸುದನಿಗೆ ಕಾರಣ ಆ ಸಾಲಿನಲ್ಲಿದೆ. ಎತ್ತಿನ ಋಣ ನಮ್ಮವರಿಗೇನು ಗೊತ್ತಿಲ್ಲದ್ದಲ್ಲ. ಸಂಕ್ರಾಂತಿಗೆ ಗೌಡರ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವಾಗ ಹಗ್ಗ ಹಿಡಿದವನು ನನ್ನ ತಾತ. ವರ್ಷವಿಡೀ ಅವನ್ನು ಮೇಯಿಸಿದವನೂ ಅವನೇ. ಅವುಗಳಲ್ಲೊಂದು ಸತ್ತರೆ ಎಳೆದೊಯ್ಯಲು ಕರೆ ಬರುತ್ತಿದ್ದುದು ನಮ್ಮ ಕೇರಿಗೆ. ಹಸಿದವರು ಆ ಮಾಂಸ ತಿಂದರು, ಉಳಿದದ್ದನ್ನು ಸೀಳಿ ಒಣಗಿಸಿಟ್ಟುಕೊಂಡರು. ಆಮೇಲೆ ಅದನ್ನು ತಿಂದರೆಂದೇ ಅವರು ಮುಟ್ಟಬಾರದವರು ಎಂದು ಹೇಳಲಾಯಿತು. ಅಂಬೇಡ್ಕರ್ 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಈ ನಂಟನ್ನೇ ಹಿಡಿದು, ಅಸ್ಪೃಶ್ಯತೆಯ ಬೇರನ್ನು ದನದ ಮಾಂಸದ ಸುತ್ತ ಹುಡುಕಿದರು.

ತೈವಾನಿನಲ್ಲಿ ದನ ಕಡಿಯುವವನನ್ನು ಜನ ಪಾಪಿ ಎಂದು ಬೈದಿರಬಹುದು. ಆದರೆ ಅದನ್ನು ತಿಂದವನ ಮೊಮ್ಮಗಳು ಬಾವಿ ಮುಟ್ಟಬಾರದು ಎಂದು ಯಾರೂ ಹೇಳಲಿಲ್ಲ. ಇಲ್ಲಿ ಋಣ ಇದ್ದದ್ದು ರೈತನಿಗೂ ಕೋಣಕ್ಕೂ ನಡುವೆ. ಟಿಲ್ಲರ್ ಬಂದಾಗ ರೈತರು ಅದನ್ನು 'ಕಬ್ಬಿಣದ ಎತ್ತು' ಎಂದು ಕರೆದರು, ಕೋಣ ಗದ್ದೆಯಿಂದ ಬಿಡುಗಡೆ ಪಡೆಯಿತು. ಮಾಂಸವೂ ಬಹುಪಾಲು ಹೊರದೇಶದಿಂದ ಬರತೊಡಗಿತು. ಒಂದೆರಡು ತಲೆಮಾರಿನಲ್ಲಿ ಕಟ್ಟು ಸಡಿಲವಾಯಿತು. ತಿನ್ನದವರು ತಿನ್ನುವುದಿಲ್ಲ, ತಿನ್ನುವವರು ತಿನ್ನುತ್ತಾರೆ, ಇಬ್ಬರೂ ಒಂದೇ ಮೇಜಿನಲ್ಲಿ ಕೂರುತ್ತಾರೆ. 2005ರಿಂದ ತೈಪೆ ನಗರ ಈ ನೂಡಲ್ಸಿಗೆ ಉತ್ಸವವನ್ನೇ ಶುರುಮಾಡಿತು.

ನಮ್ಮಲ್ಲೂ ಟ್ರ್ಯಾಕ್ಟರ್ ಬಂತು. ಗೌಡರ ಕೊಟ್ಟಿಗೆಯಲ್ಲಿ ಈಗ ಬೈಕು ನಿಲ್ಲುತ್ತದೆ. ಆದರೂ ಕಟ್ಟು ಬಿಗಿಯಾಗುತ್ತಲೇ ಹೋಯಿತು. 1964ರ ಕಾಯ್ದೆ ಹನ್ನೆರಡು ವರ್ಷ ದಾಟಿದ ಎತ್ತು, ಹೋರಿಗಳನ್ನು ಪ್ರಮಾಣಪತ್ರದ ಮೇಲೆ ಕಡಿಯಲು ಬಿಟ್ಟಿತ್ತು. 2020ರ ಕಾಯ್ದೆ 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ ಅವಕಾಶ ಉಳಿಸಿದೆ. ಬೆಂಗಳೂರಿನಲ್ಲಿ ಎಂ.ಎ. ಓದುವಾಗ ನಾನಿದ್ದ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಕುಕ್ಕರಿನ ವಾಸನೆಗೆ ಮಾಲೀಕರು ಬಾಗಿಲು ತಟ್ಟಿದ್ದರು. ಕುರಿ ಎಂದು ಸುಳ್ಳು ಹೇಳಿದೆ. ಅವರು ನಂಬಿದರೋ ಇಲ್ಲವೋ, ನಾನು ಆಮೇಲೆ ಅಲ್ಲಿ ಬಾಡು ಬೇಯಿಸಲಿಲ್ಲ. ಮೊನ್ನೆ ಫೋನಿನಲ್ಲಿ ತಗ್ಗಿದ್ದು ಆ ಭಾನುವಾರದ ದನಿ.

ಕಳೆದ ವಾರ ಅಜ್ಜಿಗೆ ನಾನೇ ವಿಡಿಯೋ ಕಾಲ್ ಮಾಡಿ ಬಾಣಲೆ ತೋರಿಸಿದೆ. ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. "ದೊಡ್ಡ್ ಬಾಡು, ನೂಡಲ್ಸು" ಎಂದು ಗಟ್ಟಿಯಾಗಿಯೇ ಹೇಳಿದೆ. ಅಜ್ಜಿ ಮೊದಲು ಬಾಗಿಲ ಕಡೆ ನೋಡಿತು. ಆಮೇಲೆ ಕನ್ನಡಕ ಏರಿಸಿಕೊಂಡು ಪರದೆಯನ್ನೇ ದಿಟ್ಟಿಸಿತು.

"ಅಷ್ಟ್ ಬೇಗ ಬೆಂದೋಯ್ತದಾ? ಒಸಿ ಕೊತ್ತಂಬರಿ ಬೀಜ ಹುರ್ದು ಪುಡಿ ಮಾಡಿ ಹಾಕು" ಅಂದಿತು.

ಹಾಕಿದೆ. ಡೊಬಾನ್‌ಜ್ಯಾಂಗ್ ಜೊತೆ ಚೆನ್ನಾಗಿಯೇ ಹೊಂದಿತು. ಈಗ ನಾನು ಹಾಗೇ ಮಾಡುತ್ತೇನೆ.