ಕೋಪನ್‌ಹೇಗನ್‌ನ ಬಿಯರ್: ಶುದ್ಧ ಯೀಸ್ಟಿನಿಂದ ಕಾಡು ಯೀಸ್ಟಿನವರೆಗೆ

ಪ್ರಯೋಗಶಾಲೆಯಲ್ಲಿ ದ್ರಾವಣವೊಂದರ ಪಿಎಚ್ ಅಳೆಯುವಾಗ ಆ ಅಳತೆ ಎಲ್ಲಿ ಹುಟ್ಟಿತೆಂದು ನೀವು ಯೋಚಿಸಿರಲಿಕ್ಕಿಲ್ಲ. ಅದು ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ, ಬಿಯರ್ ಕಾರ್ಖಾನೆಯೊಂದು ಕಟ್ಟಿಸಿದ ಪ್ರಯೋಗಶಾಲೆಯಲ್ಲಿ, 1909ರಲ್ಲಿ. ಇಂದು ಆ ನಗರ ಇನ್ನೊಂದು ಕಾರಣಕ್ಕೂ ಹೆಸರಾಗಿದೆ. ಸಣ್ಣ ತಯಾರಕರು ಕಡಿಮೆ ಪ್ರಮಾಣದಲ್ಲಿ, ಬಗೆಬಗೆಯ ರುಚಿಯಲ್ಲಿ ಮಾಡುವ ‘ಕ್ರಾಫ್ಟ್ ಬಿಯರ್’ ಹುಡುಕಿಕೊಂಡು ಜನ ಅಲ್ಲಿ ಬೀದಿಯಿಂದ ಬೀದಿಗೆ ಅಲೆಯುತ್ತಾರೆ. ಈ ಎರಡೂ ಸಂಗತಿಗಳನ್ನು ಬೆಸೆಯುವುದು ಬರಿಗಣ್ಣಿಗೆ ಕಾಣದ ಏಕಕೋಶ ಜೀವಿ ಯೀಸ್ಟ್.

ಸಕ್ಕರೆಯ ಲೆಕ್ಕ

ಮೊದಲು ಬಿಯರ್ ಆಗುವ ಬಗೆಯನ್ನು ನೋಡೋಣ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಸಿಹಿ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಹಾಪ್ಸ್ ಕಹಿಯನ್ನೂ ಪರಿಮಳವನ್ನೂ ಕೊಡುತ್ತದೆ, ಕೆಲವು ಬ್ಯಾಕ್ಟೀರಿಯಗಳನ್ನು ತಡೆಯುತ್ತದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ರಾಸಾಯನಿಕ ಸಮೀಕರಣದ ಪ್ರಕಾರ 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಅನಿಲ.

ಇಲ್ಲಿ ಭೌತವಿಜ್ಞಾನಕ್ಕೂ ಕೆಲಸವಿದೆ. ಸಕ್ಕರೆ ಕರಗಿದಷ್ಟೂ ರಸದ ಸಾಂದ್ರತೆ ಹೆಚ್ಚು. ಸಕ್ಕರೆ ಕಳೆದು ಆಲ್ಕೊಹಾಲ್ ಬಂದಂತೆ ಸಾಂದ್ರತೆ ಇಳಿಯುತ್ತದೆ. ತೇಲುವ ಹೈಡ್ರೋಮೀಟರಿನಿಂದ ಇದನ್ನು ಅಳೆಯಬಹುದು. ಸಾಪೇಕ್ಷ ಸಾಂದ್ರತೆ ಮೊದಲು 1.050, ಕೊನೆಗೆ 1.010 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.040. ಇದನ್ನು 131ರಿಂದ ಗುಣಿಸಿದರೆ ಆಲ್ಕೊಹಾಲಿನ ಗಾತ್ರ ಪ್ರಮಾಣ ಸುಮಾರು ಶೇಕಡಾ 5.2. ಆರ್ಕಿಮಿಡೀಸನ ತತ್ತ್ವದ ಈ ಬಳಕೆಯನ್ನು ಶಿಕ್ಷಕರು ಸಕ್ಕರೆ ನೀರಿನಲ್ಲೇ ಆರಂಭಿಸಿ ತೋರಿಸಬಹುದು.

ಮ್ಯೂನಿಕ್‌ನಿಂದ ಬಂದ ಯೀಸ್ಟ್

ಯೀಸ್ಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೆಚ್ಚಗಿನ ವಾತಾವರಣದಲ್ಲಿ ಹುದುಗಿ ರಸದ ಮೇಲ್ಭಾಗಕ್ಕೆ ಏರುವಂಥದ್ದು. ಇದರಿಂದ ‘ಏಲ್’ ಬಿಯರ್. ಇನ್ನೊಂದು, ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗಿ ತಳಕ್ಕೆ ಇಳಿಯುವಂಥದ್ದು. ಇದರಿಂದ ‘ಲಾಗರ್’. ಕೋಪನ್‌ಹೇಗನ್‌ನ ಜೆ.ಸಿ. ಯಾಕೋಬ್ಸೆನ್ 1845ರಲ್ಲಿ ಮ್ಯೂನಿಕ್‌ನಿಂದ ಲಾಗರ್ ಯೀಸ್ಟನ್ನು ತಂದ. ದಾರಿಯಲ್ಲಿ ಗಾಡಿ ನಿಂತಲ್ಲೆಲ್ಲ ಡಬ್ಬಿಗಳ ಮೇಲೆ ತಣ್ಣೀರು ಸುರಿದು ಅದನ್ನು ಜೀವಂತ ಉಳಿಸಿಕೊಂಡನೆಂದು ಹೇಳುತ್ತಾರೆ. 1847ರಲ್ಲಿ ವಾಲ್ಬಿ ಗುಡ್ಡದ ಮೇಲೆ ಕಾರ್ಖಾನೆ ಆರಂಭಿಸಿ, ಅದಕ್ಕೆ ಮಗ ಕಾರ್ಲ್‌ನ ಹೆಸರಿಟ್ಟ: ಕಾರ್ಲ್ಸ್‌ಬರ್ಗ್, ಅಂದರೆ ಕಾರ್ಲನ ಗುಡ್ಡ.

ಆದರೂ ಬಿಯರ್ ಕೆಲವೊಮ್ಮೆ ಕಾರಣವಿಲ್ಲದೆ ಕೆಡುತ್ತಿತ್ತು. ಬ್ಯಾಕ್ಟೀರಿಯಗಳು ಬಿಯರನ್ನು ಕೆಡಿಸುವ ಬಗೆಯನ್ನು ಲೂಯಿ ಪ್ಯಾಶ್ಚರ್ 1876ರ ತನ್ನ ಗ್ರಂಥದಲ್ಲಿ ವಿವರಿಸಿದ. ಅದಾಗಲೇ 1875ರಲ್ಲಿ ಯಾಕೋಬ್ಸೆನ್ ತನ್ನ ಕಾರ್ಖಾನೆಗೆ ಪ್ರಯೋಗಶಾಲೆ ಸ್ಥಾಪಿಸಿದ್ದ. ಅಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಇನ್ನೊಂದು ಅಪರಾಧಿಯನ್ನು ಹಿಡಿದ. ಕೆಟ್ಟ ಬಿಯರಿನಲ್ಲಿ ಬ್ಯಾಕ್ಟೀರಿಯ ಮಾತ್ರವಲ್ಲ, ಬೇಡದ ಕಾಡು ಯೀಸ್ಟ್‌ಗಳೂ ಇರಬಹುದು! ಒಂದೇ ಕೋಶದಿಂದ ಬೆಳೆಸಿದರೆ ಮಾತ್ರ ತಳಿ ಶುದ್ಧವಾಗಿರುತ್ತದೆ ಎಂಬುದು ಅವನ ತರ್ಕ. ಒಂದೊಂದೇ ಕೋಶವನ್ನು ಪ್ರತ್ಯೇಕಿಸಿ ಬೆಳೆಸಿ, ಒಳ್ಳೆಯ ಬಿಯರ್ ಕೊಡುವ ತಳಿಯನ್ನು ಆರಿಸಿದ. 1883ರ ನವೆಂಬರಿನಲ್ಲಿ ಕಾರ್ಖಾನೆ ಮೊದಲ ಬಾರಿಗೆ ಆ ಶುದ್ಧ ತಳಿಯಿಂದ ಬಿಯರ್ ಮಾಡಿತು.

ಗುಟ್ಟಿಲ್ಲದ ಪ್ರಯೋಗಶಾಲೆ

ಈಗ ನೀವೇ ಯೋಚಿಸಿ: ಬಿಯರ್ ಕೆಡದಂತೆ ಕಾಯುವ ಉಪಾಯ ನಿಮ್ಮೊಬ್ಬರಿಗೇ ಗೊತ್ತಿದ್ದರೆ ಏನು ಮಾಡುತ್ತೀರಿ? ಯಾಕೋಬ್ಸೆನ್ ಅದನ್ನು ಹಂಚಿಬಿಟ್ಟ. ಸೈದ್ಧಾಂತಿಕವಾಗಲಿ ಪ್ರಾಯೋಗಿಕವಾಗಲಿ, ಮಹತ್ತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿಡಬಾರದು ಎಂಬುದು ಆ ಪ್ರಯೋಗಶಾಲೆಯ ನಿಯಮ. ಶುದ್ಧ ಯೀಸ್ಟ್ ಬೇರೆ ತಯಾರಕರಿಗೂ ದೊರಕಿತು.

ಈ ನಿಯಮದ ಫಲ ಬಿಯರಿಗೆ ಸೀಮಿತವಾಗಲಿಲ್ಲ. 1883ರಲ್ಲೇ ಯೋಹಾನ್ ಕೆಲ್‌ಡಾಲ್ ಧಾನ್ಯದ ಪ್ರೋಟೀನ್ ತಿಳಿಯಲು ನೈಟ್ರೋಜನ್ ಅಳೆಯುವ ವಿಧಾನ ರೂಪಿಸಿದ. ಆಹಾರ ಪರೀಕ್ಷೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಕಿಣ್ವಗಳ ಕೆಲಸ ಹೈಡ್ರೋಜನ್ ಅಯಾನುಗಳ ಸಾರತೆಯನ್ನು ಬಹುವಾಗಿ ಅವಲಂಬಿಸುವುದರಿಂದ ಎಸ್.ಪಿ.ಎಲ್. ಸೋರೆನ್ಸೆನ್ ಅದನ್ನು ಲಘುಗಣಕದಲ್ಲಿ ಸೂಚಿಸಿದ. ಅದೇ ಪಿಎಚ್. ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ. ಸಾಧಾರಣ ಬಿಯರಿನ ಪಿಎಚ್ ಸುಮಾರು 4ರಿಂದ 4.5. ನಮ್ಮ ಮನೆಯ ಇಡ್ಲಿ ಹಿಟ್ಟು ಹುಳಿ ಬಂದಾಗಲೂ ಸುಮಾರು 4.5ಕ್ಕೆ ಇಳಿಯುತ್ತದೆ. ಅಲ್ಲಿ ಮುಖ್ಯ ಕೆಲಸಗಾರ ಬ್ಯಾಕ್ಟೀರಿಯ, ಅಷ್ಟೇ.

ಭೌತವಿಜ್ಞಾನದ ವಿದ್ಯಾರ್ಥಿಗಳೂ ಈ ಹಣಕ್ಕೆ ಋಣಿಗಳು. 1911ರಲ್ಲಿ ತರುಣ ನೀಲ್ಸ್ ಬೋರ್ ಇಂಗ್ಲೆಂಡಿಗೆ ಹೋದದ್ದು ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ನೆರವಿನಿಂದ. ಎರಡು ವರ್ಷಗಳಲ್ಲಿ ಅವನ ಪರಮಾಣು ಮಾದರಿ ಹೊರಬಂತು. ಯಾಕೋಬ್ಸೆನ್ ಬಾಳಿದ ಮನೆ ಮುಂದೆ ಗೌರವ ನಿವಾಸವಾಗಿ, 1932ರಿಂದ ಬೋರ್ ಅಲ್ಲೇ ವಾಸಿಸಿದ.

ಶುದ್ಧತೆಯ ಬೆಲೆ

ಹಾನ್ಸೆನ್‌ನ ವಿಧಾನಕ್ಕೆ ಇನ್ನೊಂದು ಮುಖವೂ ಇತ್ತು. ಪ್ರತಿ ಬಾರಿಯೂ ಅದೇ ರುಚಿ ಬರುವುದು ಕಾರ್ಖಾನೆಗೆ ವರ. ಆದರೆ ಎಲ್ಲರೂ ಒಂದೇ ಬಗೆಯ ಯೀಸ್ಟನ್ನೇ ನೆಚ್ಚಿದಾಗ ಜಗತ್ತಿನ ಬಹುಪಾಲು ಬಿಯರ್ ತಿಳಿ ಹೊಂಬಣ್ಣದ ಲಾಗರ್ ಆಯಿತು. ಕೋಪನ್‌ಹೇಗನ್ ಕೂಡ ಇದಕ್ಕೆ ಹೊರತಾಗಲಿಲ್ಲ.

ಬೇಸತ್ತ ಗ್ರಾಹಕರು 1998ರಲ್ಲಿ ಡ್ಯಾನಿಷ್ ಬಿಯರ್ ಆಸಕ್ತರ ಸಂಘ ಕಟ್ಟಿದರು. 2003ರಲ್ಲಿ, ಹಿಂದೆ ಕಾರ್ಲ್ಸ್‌ಬರ್ಗ್‌ನಲ್ಲಿದ್ದ ಆಂಡರ್ಸ್ ಕಿಸ್ಮೈಯರ್ ನಗರದೊಳಗೇ ನೋರೆಬ್ರೊ ಬ್ರಿಗ್‌ಹೂಸ್ ತೆರೆದ. 2005ರಲ್ಲಿ ಕಾರ್ಲ್ಸ್‌ಬರ್ಗೇ ಹಳೆಯ ಜಾಗದಲ್ಲಿ ಚಿಕ್ಕ ತಯಾರಿಕಾ ಘಟಕವೊಂದನ್ನು ಇಟ್ಟಿತು. 2006ರಲ್ಲಿ ‘ಮಿಕ್ಕೆಲರ್’ ಹುಟ್ಟಿತು. ಕಟ್ಟಿದವರು ಇಬ್ಬರು: ಪತ್ರಕರ್ತ ಕ್ರಿಸ್ಟಿಯನ್ ಕೆಲ್ಲರ್ ಮತ್ತು ಗಣಿತ–ಭೌತವಿಜ್ಞಾನ ಅಧ್ಯಾಪಕ ಮಿಕೆಲ್ ಬೋರ್ಗ್ ಬ್ಯೆರ್ಗ್ಸೊ. ಅಡುಗೆಮನೆಯಲ್ಲಿ ಪ್ರಯೋಗ ಮಾಡಿ, ಬೇರೆಯವರ ಕಾರ್ಖಾನೆಗಳಲ್ಲಿ ತಯಾರಿಸಿದರು. ಓಟ್ಸ್ ಮತ್ತು ಕಾಫಿ ಬೆರೆಸಿದ ಅವರ ಕಪ್ಪು ಬಿಯರ್ ಬಲುಬೇಗ ಹೆಸರಾಯಿತು. 2010ರಲ್ಲಿ ವಿಕ್ಟೋರಿಯಾಗೇಡ್ ಬೀದಿಯಲ್ಲಿ ಅವರ ಮೊದಲ ಮಳಿಗೆ ತೆರೆಯಿತು. ನಮ್ಮ ಬೆಂಗಳೂರಿನಲ್ಲಿಯೂ 2011ರ ಸುಮಾರಿನಿಂದ ಇಂಥ ಕಿರು ಘಟಕಗಳು ಬಂದು, ಮಾವಿನಹಣ್ಣಿನ ಬಿಯರನ್ನೂ ಮಾಡಿವೆ.

ಹೊಸ ರುಚಿಗಳಲ್ಲಿ ವಿಜ್ಞಾನಿಗೆ ಅತ್ಯಂತ ಕುತೂಹಲದ್ದು ‘ಬ್ರೆಟನೊಮೈಸಿಸ್’ ಯೀಸ್ಟಿನದು. ಕುದುರೆ ಲಾಯದ ವಾಸನೆ, ಹಣ್ಣಿನ ಕಂಪು ಎರಡನ್ನೂ ನೆನಪಿಸುವ ಈ ಕಾಡು ಯೀಸ್ಟನ್ನು ಹಾನ್ಸೆನ್ ಮಾರ್ಗದವರು ಕಾರ್ಖಾನೆಯಿಂದ ಹೊರಗಿಡಬೇಕು. ಕ್ರಾಫ್ಟ್ ತಯಾರಕರು ಅದನ್ನು ಬೇಕೆಂದೇ ಬೆರೆಸುತ್ತಾರೆ. ಅದನ್ನು ಇಂಗ್ಲಿಷ್ ಬಿಯರುಗಳಲ್ಲಿ ಗುರುತಿಸಿ 1904ರಲ್ಲಿ ಹೆಸರಿಟ್ಟವನೂ ಕಾರ್ಲ್ಸ್‌ಬರ್ಗ್‌ನವನೇ, ಎನ್. ಹೆಲ್ಟೆ ಕ್ಲಾಸೆನ್! ಇತ್ತ 2011ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಲಾಗರ್ ಯೀಸ್ಟ್ ಒಂದು ಸಂಕರ. ಅದರ ಪೋಷಕರಲ್ಲಿ ಒಂದು ಏಲ್ ಯೀಸ್ಟ್, ಇನ್ನೊಂದು ಚಳಿ ತಾಳುವ ಕಾಡು ಯೀಸ್ಟ್. ಎರಡನೆಯದು ದಕ್ಷಿಣ ಅಮೆರಿಕದ ಪ್ಯಾಟಗೋನಿಯ ಕಾಡಿನಲ್ಲಿ ಸಿಕ್ಕಿತು. ಶುದ್ಧತೆಯ ಮಾದರಿಯೆನಿಸಿದ್ದ ತಳಿಯೇ ಬೆರಕೆಯ ಕೂಸು.

ಓದುಗರೇ, ಇದು ಕುಡಿತದ ಸಮರ್ಥನೆಯಲ್ಲ. ಆಲ್ಕೊಹಾಲ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ವರ್ಗೀಕರಿಸಿದೆ. ನಮಗೆ ಬೇಕಾದ ಪಾಠ ಬೇರೆ. ಶುದ್ಧ ತಳಿಯ ಜ್ಞಾನವಿಲ್ಲದೆ ಇಂದಿನ ವೈವಿಧ್ಯವೂ ಸಾಧ್ಯವಿರಲಿಲ್ಲ. ಯಾವ ಯೀಸ್ಟ್ ಏನು ಮಾಡುತ್ತದೆಂದು ಅರಿತವನು ಮಾತ್ರ ಅದನ್ನು ಬೇಕೆಂದಾಗ ಬೆರೆಸಬಲ್ಲ. ಆ ಅರಿವು ಕಾರ್ಖಾನೆಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೆ ಅಧ್ಯಾಪಕನೊಬ್ಬನ ಅಡುಗೆಮನೆಯನ್ನು ತಲುಪುತ್ತಿರಲಿಲ್ಲ, ನಿಮ್ಮ ಶಾಲೆಯ ಪಿಎಚ್ ಕಾಗದದ ಪಟ್ಟಿಯನ್ನೂ ತಲುಪುತ್ತಿರಲಿಲ್ಲ.